ಗಾಲಿಗೆ ಹಚ್ಚಿದ ಕುಸುಬೆ ಎಣ್ಣೆ

ಗುಣವತಿ ಮಹಾದೇವಪ್ಪನವರನ್ನು ಮೊದಲು ಕಂಡದ್ದು ನಾಸಿಕದ ದ್ವಾರಕಾ ಚೌಕದ ಹತ್ತಿರ, ಅವರ ಟೈರಿನ ಅಂಗಡಿಯ ಮುಂದೆ. ಆಗ ಆಕೆ ಗಂಡನನ್ನು ಬಯ್ಯುತ್ತಿದ್ದಳು. ದಸರೆಗೆ ಇನ್ನೂ ಒಂದು ವಾರವಿತ್ತು. ಬ್ಯಾಂಕಿನ ನೌಕರಿಯಿಂದ ನಿವೃತ್ತರಾಗಿದ್ದ ವಿಶ್ವನಾಥಪ್ಪ ತಮ್ಮ ಬಿಳಿ ಕಾರಿಗೆ ನಾಲ್ಕೂ ಟೈರು ಹೊಸವನ್ನೇ ಹಾಕಿಸಬೇಕೆಂದು ಹಟ ಹಿಡಿದು ಬಂದಿದ್ದರು. ಅಂಗಡಿಯವನಿಗೆ ಕನ್ನಡ ಎಲ್ಲಿಂದ ಬರಬೇಕು ಎಂಬ ಧೈರ್ಯದಲ್ಲಿ ಗುಣವತಿ ದನಿ ತಗ್ಗಿಸದೆ ಹೇಳುತ್ತಿದ್ದಳು:

"ನನ್ನ ಕಾಲಾಗಿನ ಚಪ್ಪಲಿ ಹರದು ಎರಡು ತಿಂಗಳಾತು, ಅದು ಕಾಣಸಲ್ಲ ಇವ್ರಿಗಿ. ಗಾಡಿಗಿ ಮಾತ್ರ ನಾಲ್ಕು ಹೊಸಾ ಬೂಟು ಬೇಕು!"

ಕಾರಿನ ಹಿಂದಿನ ಗಾಲಿಯ ಬಳಿ ಕುಕ್ಕರುಗಾಲಲ್ಲಿ ಕೂತಿದ್ದ ಮನುಷ್ಯ ತಲೆ ಎತ್ತದೆ ಅಂದರು:

"ಅಕ್ಕೋರೆ, ಚಪ್ಪಲಿ ಹರದ್ರ ಕೈಯಾಗ ಹಿಡಕೊಂಡು ನಡೀಬೌದು. ಟಾಯರ ಹರದ್ರ ಗಾಡಿ ಹೊತಗೊಂಡು ನಡೀಲಾಕ ಬರಲ್ರಿ."

ಗುಣವತಿ ಸೆರಗು ಬಾಯಿಗೆ ಇಟ್ಟುಕೊಂಡಳು. ವಿಶ್ವನಾಥಪ್ಪ ಜೋರಾಗಿ ನಕ್ಕರು. ಆ ಮನುಷ್ಯ ಎದ್ದು ನಿಂತರು. ಎತ್ತರದ ಆಳು, ಹಣೆಯಲ್ಲಿ ವಿಭೂತಿ, ತಲೆಗೂದಲು ಒಣಗಿದ ಜೋಳದ ದಂಟಿನಂತೆ ನೆಟ್ಟಗೆ ನಿಂತಿತ್ತು. ಕೂದಲಿಗೆ ಎಣ್ಣೆ ಎಂಬುದು ಸೋಂಕಿದ ಹಾಗೇ ಇರಲಿಲ್ಲ.

"ಶರಣ್ರಿ. ಯಾ ಊರು ನಿಮ್ದು?"

"ಬಸವಕಲ್ಯಾಣ," ಎಂದಳು ಗುಣವತಿ, ಸಣ್ಣ ದನಿಯಲ್ಲಿ.

"ನಂದು ಭಾಲ್ಕಿ ಕಡಿ. ಹಂಗಾದ್ರ ಬಾಜು ಮನಿಯೋರೆ ಆದ್ರಿ ಬಿಡ್ರಿ. ಬಯ್ರಿ, ಬಯ್ರಿ, ಬ್ಯಾಸರ ಇಲ್ಲ. ಇಂಥಾ ಮಾತು ಕೇಳಿ ಭಾಳ ದಿನ ಆಗಿತ್ತು."

ಒಂದು ಹಳೆಯ ಲಾರಿ ಟೈರಿನ ಮೇಲೆ ಹಲಗೆ ಹಾಕಿ ಮಾಡಿದ ಪೀಠದ ಮೇಲೆ ಆಕೆಯನ್ನು ಕೂರಿಸಿದರು. ಹೊಸ ಟೈರು ಒಳಗಿನಿಂದ ಬಂದಾಗ ಅದನ್ನು ಆಕೆಯ ಮುಂದೆಯೇ ಉರುಳಿಸಿ ತಂದು, ಬದಿಯಲ್ಲಿ ಉಬ್ಬಿ ನಿಂತ ಅಕ್ಷರಗಳ ಕೊನೆಯಲ್ಲಿ ಬೆರಳಿಟ್ಟು ತೋರಿಸಿದರು.

"ಇದು ಓದ್ರಿ."

"ನಾ ಎಲ್ಲಿ ಓದ್ಲಿ? ಎರಡನೆ ಇಯತ್ತಾಕ್ಕೇ ಸಾಲಿ ಬಿಟ್ಟೀನಿ."

"ಅಂಕಿ ಬರ್ತಾವಲ್ಲ?"

ಅಂಕಿ ಬರುತ್ತಿದ್ದವು. ಅಕ್ಷರಗಳು ಎಂದೋ ಕೈಬಿಟ್ಟು ಹೋಗಿದ್ದರೂ ಬಸ್ಸಿನ ನಂಬರು, ಫೋನಿನ ನಂಬರು ಆಕೆಗೆ ತಪ್ಪುತ್ತಿರಲಿಲ್ಲ. ಬಾಗಿ ಒಂದೊಂದನ್ನೇ ಮುಟ್ಟುತ್ತ ಓದಿದಳು: "ಮೂರು. ಒಂದು. ಒಂದು. ನಾಲ್ಕು."

"ಬರೋಬ್ಬರಿ. ಹದಿನಾಲ್ಕನೇ ಇಸ್ವಿ, ಮೂವತ್ತೊಂದನೇ ವಾರ. ಅಂದ್ರ ಮೊನ್ನಿ ಶ್ರಾವಣದಾಗ ಹುಟ್ಟಿದ ಕೂಸು ಇದು. ಟಾಯರ ಕೊಳ್ಳಾವ್ರು ಮ್ಯಾಲಿನ ಹೊಳಪು ನೋಡ್ತಾರ. ಇದನ್ನ ಪೈಲೆ ನೋಡಬೇಕು. ಓಡಿದ್ರೂ ವಯಸ್ಸಾಗ್ತದ, ನಿಂತ್ರೂ ವಯಸ್ಸಾಗ್ತದ. ರಬ್ಬರಿಗಿ ಸುಮ್ಮ ಕೂಡೂದು ಅಂಬೂದಿಲ್ಲ."

ವಿಶ್ವನಾಥಪ್ಪ ಹೆಂಡತಿಯ ಕಡೆ ನೋಡಿ, "ಶ್ರಾವಣದ ಕೂಸು ಕಾರ್ತಿಕದಾಗ ವೇರೂಳ ನೋಡ್ತದ," ಎಂದರು. ವೇರೂಳದ, ಅಂದರೆ ಎಲ್ಲೋರಾದ, ಘೃಷ್ಣೇಶ್ವರನ ದರ್ಶನಕ್ಕೆ, ಔರಂಗಾಬಾದಿನ ಆಚೆಗೆ, ತಾವೇ ಕಾರು ಓಡಿಸಿಕೊಂಡು ಆಕೆಯನ್ನು ಕರೆದೊಯ್ಯುತ್ತೇನೆಂದು ಅವರು ಎಷ್ಟೋ ವರ್ಷದಿಂದ ಹೇಳುತ್ತಿದ್ದರು. ಒಂದು ಸಲ ವರ್ಗಾವಣೆ, ಒಂದು ಸಲ ಮಗನ ಪರೀಕ್ಷೆ, ಒಂದು ಸಲ ಮಳೆ. ಈಗ ಯಾವುದೂ ಅಡ್ಡವಿರಲಿಲ್ಲ. ಟೈರು ಅದಕ್ಕೇ ಬೇಕಾಗಿತ್ತು. ಅದು ತಿಳಿದ ಮೇಲೆ ಗುಣವತಿ ಚಪ್ಪಲಿಯ ಮಾತು ಎತ್ತಲಿಲ್ಲ.

ಉಪನಗರದ ಮನೆಗೆ ಟಾಕಳಿ ರಸ್ತೆಯಿಂದ ಹಿಂತಿರುಗುವಾಗ ವಿಶ್ವನಾಥಪ್ಪ ಗಾಜು ಇಳಿಸಿ, "ಕೇಳು, ಕೇಳು, ಸಪ್ಪಳಾನೇ ಇಲ್ಲ," ಅನ್ನುತ್ತಿದ್ದರು. ಗುಣವತಿಗೆ ಅವರ ಸಪ್ಪಳವೇ ಕೇಳುತ್ತಿತ್ತು.

ಆಯುಧಪೂಜೆಯ, ಅವರೂರಿನ ಮಾತಿನಲ್ಲಿ ಖಂಡೇಪೂಜೆಯ, ದಿನ ಗಾಡಿಯನ್ನು ತೊಳೆದು, ಅರಿಸಿನ ಕುಂಕುಮ ಹಚ್ಚಿ, ಹೂವು ಏರಿಸಿದ ಮೇಲೆ ಗುಣವತಿ ಒಳಗೆ ಹೋಗಿ ಬಟ್ಟಲಲ್ಲಿ ಕುಸುಬೆ ಎಣ್ಣೆ ತಂದಳು. ತವರಿನಲ್ಲಿ ಆಕೆಯ ಅಪ್ಪ ಆ ದಿನ ಬಂಡಿಯ ಗಾಲಿ ಬಿಚ್ಚಿ ಅಚ್ಚಿಗೆ ಎಣ್ಣೆ ಉಣಿಸುತ್ತಿದ್ದ, ಮಿಕ್ಕಿದ್ದನ್ನು ಗಾಲಿಯ ಕಟ್ಟಿಗೆಗೆ ಸವರುತ್ತಿದ್ದ. ವರ್ಷವೆಲ್ಲ ಹೊತ್ತು ತಿರುಗಿದ್ದಕ್ಕೆ ಅದು ಅದರ ಪಾಲು. ಆಕೆ ನೆಲಕ್ಕೆ ಕೂತು ನಾಲ್ಕೂ ಟೈರಿಗೆ ಅಂಗೈಯಿಂದ ಎಣ್ಣೆ ಸವರಿದಳು. ಕರಿಯ ಟೈರು ಇನ್ನೂ ಕರಿದಾಗಿ ಮಿಂಚಿತು.

"ಎತ್ತಿನ ಬಂಡಿ ಅಂತ ತಿಳದಿಯೇನು?" ವಿಶ್ವನಾಥಪ್ಪ ಬಾಗಿಲಲ್ಲಿ ನಿಂತು ನಕ್ಕರು. ಬೇಡ ಎನ್ನಲಿಲ್ಲ. ಅವಳು ಸವರಿ ಮುಗಿಸುವ ತನಕ ನಿಂತೇ ನೋಡಿದರು.

ದೀಪಾವಳಿ ಮುಗಿದ ವಾರದಲ್ಲಿ ಅವರಿಗೆ ಎದೆನೋವು ಬಂತು. ಆಸ್ಪತ್ರೆಗೆ ಹೋದದ್ದು ಆಂಬುಲೆನ್ಸಿನಲ್ಲಿ, ಬಂದದ್ದೂ ಅದರಲ್ಲೇ, ಉಸಿರಿಲ್ಲದೆ. ಹೊಸ ಟೈರಿನ ಕಾರು ಪಡುವಣ ಗೋಡೆಯ ಪಕ್ಕದಲ್ಲಿ ಹಾಗೆಯೇ ನಿಂತಿತ್ತು.

*

ಆಮೇಲಿನ ವರ್ಷಗಳಲ್ಲಿ ಗುಣವತಿ ತರಕಾರಿಗೆಂದು ದ್ವಾರಕಾದ ಕಡೆ ಹೋದಾಗಲೆಲ್ಲ ಆ ಹಲಗೆಯ ಪೀಠದ ಮೇಲೆ ಒಂದು ಘಳಿಗೆ ಕೂತು ಬರುತ್ತಿದ್ದಳು. ಮಹಾದೇವಪ್ಪನವರ ಬಾಳು ಆಕೆಗೆ ತಿಳಿದದ್ದು ಹೀಗೆ, ಸ್ವಲ್ಪ ಸ್ವಲ್ಪವಾಗಿ, ಅವರ ಕೈ ಕೆಲಸ ಮಾಡುತ್ತಿರುವಾಗ.

ಅವರು ಎಣ್ಣೆಯ ಮನೆಯಲ್ಲಿ ಹುಟ್ಟಿದವರು. ಭಾಲ್ಕಿಯ ಹತ್ತಿರದ ಹಳ್ಳಿಯಲ್ಲಿ ಅವರಪ್ಪನದು ಕಟ್ಟಿಗೆಯ ಗಾಣ. ಕಣ್ಣಿಗೆ ಬಟ್ಟೆ ಕಟ್ಟಿದ ಎತ್ತು ದಿನವೆಲ್ಲ ಸುತ್ತುತ್ತಿತ್ತು. ಕುಸುಬೆ ಅರೆಯುವ ದಿನ ಓಣಿಯ ಮಕ್ಕಳೆಲ್ಲ ರೊಟ್ಟಿ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದವು. ಬಿಸಿ ಎಣ್ಣೆಯಲ್ಲಿ ರೊಟ್ಟಿ ಅದ್ದಿ ಕೊಡುವುದು ಮಹಾದೇವಪ್ಪನ ತಾಯಿಯ ಕೆಲಸ. ಬಟ್ಟೆ, ಹಾಸಿಗೆ, ಬರೆಯುವ ಪಾಟಿ, ಎಲ್ಲಕ್ಕೂ ಅದೇ ವಾಸನೆ. ಪಟ್ಟಣದಲ್ಲಿ ಎಣ್ಣೆಯ ಮಿಲ್ಲು ಆದ ಮೇಲೆ ಗಾಣ ನಿಂತಿತು. ಮೀಸೆ ಮೂಡುವ ವಯಸ್ಸಿನಲ್ಲಿ ಹುಡುಗ ರೈಲು ಹತ್ತಿ ಮನ್ಮಾಡಿನಲ್ಲಿ ಇಳಿದ. ಅಲ್ಲಿ ಅವನ ಸೋದರಮಾವ ಮನ್ಮಥಪ್ಪ ಲಾರಿಗಳ ಸವೆದ ಟೈರಿಗೆ ಹೊಸ ರಬ್ಬರು ಕೂರಿಸುವ ಕಾರಖಾನೆ ಇಟ್ಟಿದ್ದ.

ಮಾವ ಮೊದಲ ದಿನವೇ ಹುಡುಗನನ್ನು ನಲ್ಲಿಯ ಕೆಳಗೆ ಕೂರಿಸಿ, ಸೀಗೆಕಾಯಿ ಹಾಕಿ ತಲೆ ತಿಕ್ಕಿದನಂತೆ.

"ಯಾಕ ಅಂತ ಕೇಳಿದೆ," ಎಂದು ಮಹಾದೇವಪ್ಪ ಹೇಳಿದ್ದರು. "ಅವ ಅಂದ, ಮಗಾ, ತಲಿ ಕೆರ್ಕೊಂಡ ಕೈಲೆ ರಬ್ಬರ ಮುಟ್ಟತಿ. ಕೈಗಿ ಎಣ್ಣಿ ಇದ್ರ ಪದರಾ ಪದರಕ್ಕ ಹಿಡಿಯಲ್ಲ. ಮನ್ಮಾಡದಾಗ ಹಿಡದಂಗ ಕಾಣ್ತದ, ಮಾಲೆಗಾಂವ ಘಾಟಿದಾಗ ಬಿಡ್ತದ. ಇವತ್ತಿಂದ ನೀ ಟಾಯರ ಮುಟ್ಟೂದು ಬಿಡೂ ತನಕಾ ತಲಿಗಿ ಎಣ್ಣಿ ಇಲ್ಲ. ಆತು. ಅವತ್ತಿಂದ ಇಲ್ರಿ."

"ಈಗ ಆ ಕೆಲಸ ಬಿಟ್ಟು ಎಷ್ಟು ವರ್ಷಾತು? ಈಗ್ಯಾರು ಕೇಳ್ತಾರ?"

"ಪಂಕ್ಚರ ಹಚ್ತೀನಲ್ರಿ. ಅದೂ ಹಿಡೀಬೇಕಲ್ಲ."

ಹೆಂಡತಿ ಶಾಂತಾಬಾಯಿ ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಸೋಮವಾರ ಬಟ್ಟಲಲ್ಲಿ ಎಣ್ಣೆ ಕಾಸಿ ತಂದು ನೆತ್ತಿಗೆ ಹಾಕಲು ಹೋದಳಂತೆ. ಗಂಡ ತಲೆ ಹಿಂದಕ್ಕೆ ಎಳೆದುಕೊಂಡ. ಆಕೆ ಎರಡು ದಿನ ಮಾತು ಬಿಟ್ಟಳು. ತನ್ನ ಕೈ ಸೇರಲಿಲ್ಲ ಎಂದುಕೊಂಡಿದ್ದಳು. ಈಗ ಶಾಂತಾಬಾಯಿಯೂ ಇರಲಿಲ್ಲ. ಇದನ್ನು ಹೇಳುವಾಗ ಮಹಾದೇವಪ್ಪ ನಗುತ್ತಿದ್ದರು, ಆದರೆ ಕೈಯಲ್ಲಿದ್ದ ಕೆಲಸ ನಿಲ್ಲಿಸಿದ್ದರು. ಮಗ ರತ್ನಾಕರನಿಗೆ ತಂದೆಯ ಕನ್ನಡ ತಿಳಿಯುತ್ತದೆ, ಉತ್ತರ ಮರಾಠಿಯಲ್ಲೇ. "ಮನಿಯಾಗ ಎಲ್ಲಾರೂ ಮರಾಠಿ. ಬ್ಯಾಸಗಿ ದಿನ ತಲಿ ಕಾಯ್ತದ ಅಂದ್ರ ಡಾಕ್ಟರ ಅಂತಾರ. ನಮ್ಮವ್ವ ಆಗಿದ್ರ ಎಣ್ಣಿ ಅಂತಿದ್ಳು," ಎಂದು ಒಮ್ಮೆ ಅಂದರು.

ಎಣ್ಣೆಯ ಈ ನೇಮ ಅಂಟಿಸುವ ಕೆಲಸದವರದು ಎಂದು ಗುಣವತಿ ತಿಳಿದಿದ್ದಳು. ಓಡುವ ಗಾಲಿಗೂ ಅದಕ್ಕೂ ಸಂಬಂಧವಿದೆ ಎಂದು ಆಕೆಗೆ ಹೊಳೆಯಲಿಲ್ಲ. ಪ್ರತಿ ಖಂಡೇಪೂಜೆಗೆ, ಆಮೇಲೆ ಪ್ರತಿ ಅಮಾವಾಸ್ಯೆಗೂ, ಬಸವಕಲ್ಯಾಣದಿಂದ ತರಿಸಿದ ಕುಸುಬೆ ಎಣ್ಣೆಯನ್ನು ನಾಲ್ಕೂ ಟೈರಿಗೆ ಸವರುತ್ತಿದ್ದಳು. ಸವರುವಾಗ ಬೆರಳಿಗೆ ಆ ನಾಲ್ಕು ಅಂಕಿ ಸಿಗುತ್ತಿದ್ದವು. ಬಾಗಿಲಲ್ಲಿ ಯಾರೋ ನಿಂತು ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಹಿಂದಿರುಗಿ ನೋಡುತ್ತಿರಲಿಲ್ಲ.

ಮಗ ಮಲ್ಲಿನಾಥ ತಿಂಗಳಿಗೆ ಒಂದೆರಡು ಸಲ ಕಾರನ್ನು ಊರೊಳಗೆ ಒಯ್ಯುತ್ತಿದ್ದ. ಮನೆಯವರೆಲ್ಲ ಒಮ್ಮೆ ರೈಲಿನಲ್ಲಿ ಔರಂಗಾಬಾದಿಗೆ ಹೋಗಿ ವೇರೂಳ ಮುಗಿಸಿ ಬಂದರು. ಗುಣವತಿ ಮಂಡಿನೋವು ಅಂದಳು, ಹೋಗಲಿಲ್ಲ. ವೇರೂಳಕ್ಕೆ ಹೋಗುವುದಾದರೆ ಆ ಗಾಲಿಗಳ ಮೇಲೆ, ಮುಂದಿನ ಸೀಟಿನಲ್ಲಿ. ಇದನ್ನು ಆಕೆ ಯಾರಿಗೂ ಹೇಳಿರಲಿಲ್ಲ.

ಮಹಾದೇವಪ್ಪ ಮಾತ್ರ ಕೇಳುತ್ತಿದ್ದರು. "ಶ್ರಾವಣದ ಕೂಸುಗಳು ಹೆಂಗವ್ರಿ ಅಕ್ಕೋರೆ?"

"ಹೊಸಾವಿದ್ದಂಗ ಅವ."

"ಒಮ್ಮೆ ತಂದು ತೋರಿಸ್ರಿ."

"ತರಿಸ್ತೀನಿ," ಅನ್ನುತ್ತಿದ್ದಳು. ತರಿಸಿರಲಿಲ್ಲ.

*

ಹೋದ ವರ್ಷ ಮಲ್ಲಿನಾಥನಿಗೆ ಬಿಡಕಿನ್ನಿನ ಹೊಸ ಕಾರಖಾನೆಯಲ್ಲಿ ಕೆಲಸವಾಗಿ, ಅವನು ಹೆಂಡತಿ ಮಗಳೊಡನೆ ಸಂಭಾಜಿನಗರದಲ್ಲಿ ಮನೆ ಮಾಡಿದ. ಗುಣವತಿ ಇನ್ನೂ ಹಳೆಯ ಹೆಸರೇ ಅನ್ನುತ್ತಿದ್ದಳು. ಮೊಮ್ಮಗಳು ರುಚಿತಾ ಫೋನಿನಲ್ಲಿ, "ಆಜಿ, ಔರಂಗಾಬಾದ್ ನಾಹೀ, ಸಂಭಾಜಿನಗರ ಮ್ಹಣ!" ಎಂದು ತಿದ್ದುತ್ತಿದ್ದಳು. ನಾಸಿಕದ ಮನೆ ಬಿಟ್ಟುಕೊಟ್ಟು ಗುಣವತಿಯೂ ಅಲ್ಲಿಗೆ ಹೋಗುವುದೆಂದಾಯಿತು. ಸಾಮಾನು ಟೆಂಪೋದಲ್ಲಿ, ಅವ್ವ ರೈಲಿನಲ್ಲಿ, ಕಾರು ಇಲ್ಲೇ ಮಾರುವುದು ಎಂದ ಮಲ್ಲಿನಾಥ, ಮನೆ ಖಾಲಿ ಮಾಡಲು ಸಂಸಾರದೊಡನೆ ಬಂದಿದ್ದವನು.

"ಕಾರು ಮಾರು, ಬ್ಯಾಡ ಅನ್ನಲ್ಲ. ಆದ್ರ ಪೈಲೆ ನಾ ಅದರಾಗ ವೇರೂಳಕ್ಕ ಹೋಗ್ತೀನಿ," ಎಂದಳು ಗುಣವತಿ.

ಮಲ್ಲಿನಾಥ ತಾಯಿಯ ಮುಖ ನೋಡಿದ. ಹಿಂದೆಂದೂ ಆಕೆ ಹೀಗೆ ಏನನ್ನೂ ಕೇಳಿರಲಿಲ್ಲ. ಅವನು ಹೊರಗೆ ಹೋಗಿ ಟೈರಿನ ಗೆರೆಯೊಳಗೆ ಒಂದು ನಾಣ್ಯ ಇಳಿಸಿ ನೋಡಿದ. ಆಳವಾಗಿ ಇಳಿಯಿತು. "ಗೆರಿ ಸವದಿಲ್ಲ, ಬಟನ್ ಪೂರಾ ಅವ ಅವ್ವಾ. ಸಮೃದ್ಧಿ ಎಕ್ಸಪ್ರೆಸ್ ರಸ್ತಾಕ್ಕ ಹತ್ತಿದ್ರ ಮಧ್ಯಾಹ್ನಕ್ಕೇ ಮುಟ್ಟತೀವಿ. ಕಾರ್ತಿಕದ ಕೊನೀ ಸೋಮವಾರ ಹೋಗಾಣ."

ಆಕೆಯ ಎದೆ ಹಗುರಾಯಿತು. ಆದರೆ ದೂರದ ದಾರಿಗೆ ಹೊರಡುವ ಮೊದಲು ಟೈರನ್ನು ಬಲ್ಲವರಿಗೆ ತೋರಿಸಬೇಕು ಎಂಬುದು ವಿಶ್ವನಾಥಪ್ಪನವರ ನೇಮವಾಗಿತ್ತು. ಅವರ ದಾರಿಗೆ ಹೊರಟು ಅವರ ನೇಮ ಬಿಡುವುದು ಹೇಗೆ? ಎರಡು ದಿನ ಯೋಚಿಸಿ, ಮೂರನೆಯ ದಿನ ತಾನೇ ಅಂಗಡಿಗೆ ಹೋಗಿ ಕರೆದಳು.

ಮಹಾದೇವಪ್ಪ ಬೆಳಿಗ್ಗೆ ಬಂದರು. ಈಗ ಅಂಗಡಿಯ ಭಾರವೆಲ್ಲ ರತ್ನಾಕರನದೇ, ಅವರದು ನೋಡುವ ಕೆಲಸ ಮಾತ್ರ. ಗೋಣಿಚೀಲ ಹಾಸಿಕೊಂಡು ಮುಂದಿನ ಗಾಲಿಯ ಬಳಿ ಕೂತು ಕನ್ನಡಕ ಏರಿಸಿದರು. ಟೈರು ಕರ್ರಗೆ ಹೊಳೆಯುತ್ತಿತ್ತು. ಅವರು ಬೆರಳಿನಿಂದ ಒಂದು ಗೀರು ಎಳೆದು, ಆ ಬೆರಳನ್ನು ಮೂಗಿಗೆ ಹಿಡಿದರು. ಹಿಡಿದವರು ಹಾಗೆಯೇ ಕೂತರು.

ಮಲ್ಲಿನಾಥ, "ಏನಾತ್ರಿ ಕಾಕಾ?" ಅಂದ.

"ಕುಸುಬಿ," ಎಂದರು ಮಹಾದೇವಪ್ಪ. "ಗಾಣದ್ದು. ಮಿಲ್ಲಿಂದಲ್ಲ." ದನಿ ಎಲ್ಲೋ ದೂರದಿಂದ ಬಂದಂತಿತ್ತು. "ಯಾರು ಹಚ್ಯಾರ್ರಿ ಇದು?"

"ನಾನೇ," ಎಂದಳು ಗುಣವತಿ. "ಖಂಡೇಪೂಜಿಗಿ ನಮ್ಮಪ್ಪ ಬಂಡಿ ಗಾಲಿಗಿ ಹಚ್ತಿದ್ದ. ಒಣಗಬಾರ್ದಂತ..."

ಅವರು ಬಯ್ಯಲಿಲ್ಲ. ಸಾಬೂನು ನೀರು ಕೇಳಿ ತರಿಸಿ, ಟೈರಿನ ಬದಿಯನ್ನು ಅಂಗೈಯಗಲ ತೊಳೆದು, ಬಟ್ಟೆಯಿಂದ ಒರೆಸಿದರು. ಹೊಳಪು ಹೋಯಿತು. ಅದರ ಕೆಳಗೆ ಸಣ್ಣ ಸಣ್ಣ ಬಿರುಕುಗಳು, ಚಳಿಗಾಲದ ಹಿಮ್ಮಡಿಯಂತೆ, ಒಂದರೊಳಗೊಂದು ಸೇರಿಕೊಂಡಿದ್ದವು. ಹೆಬ್ಬೆರಳಿನಿಂದ ಬಲವಾಗಿ ಒತ್ತಿದಾಗ ಒಂದು ಬಿರುಕು ಬಾಯಿ ತೆರೆಯಿತು. ಗುಣವತಿ ನೋಡಿದಳು. ಕಣ್ಣು ತಿರುಗಿಸಲಿಲ್ಲ.

ಪಡುವಣ ಗೋಡೆಯ ಕಡೆಯ ಎರಡು ಗಾಲಿಗಳಲ್ಲಿ ಬಿರುಕು ಇನ್ನೂ ಆಳವಾಗಿದ್ದವು. ಕೊನೆಗೆ ಮಹಾದೇವಪ್ಪ ಡಿಕ್ಕಿ ತೆರೆಸಿ ಸ್ಟೆಪ್ನಿ ಹೊರಗೆ ತೆಗೆಸಿದರು. ಐದನೆಯ ಈ ಟೈರನ್ನೂ ಅದೇ ದಿನ ಅದೇ ಅಂಗಡಿಯಲ್ಲಿ ಹಾಕಿಸಿದ್ದು. ಗುಣವತಿಗೆ ಅದರ ನೆನಪೇ ಇರಲಿಲ್ಲ, ಅದಕ್ಕೆ ಒಂದು ಹನಿ ಎಣ್ಣೆ ತಾಗಿರಲಿಲ್ಲ. ಬೂದಿಬಣ್ಣಕ್ಕೆ ತಿರುಗಿ, ಧೂಳು ಹಿಡಿದು, ಬಡವಾಗಿ ಕಾಣುತ್ತಿತ್ತು. ಒರೆಸಿದರೆ ಬದಿ ನುಣ್ಣಗಿತ್ತು. ಹುಡುಕಿದರೂ ಬಿರುಕು ಕಾಣಲಿಲ್ಲ.

"ನನ್ನ ಕೈ ತಾಗದ್ದೊಂದು ನೆಟ್ಟಗ ಉಳದದ," ಎಂದಳು ಗುಣವತಿ.

"ಹಂಗನಬ್ಯಾಡ್ರಿ ಅಕ್ಕೋರೆ. ಎಣ್ಣಿಗಿ ರಬ್ಬರ ಉಬ್ಬತದ, ಮೆತ್ತಗಾಗ್ತದ, ಅದು ಖರೆ. ಆದ್ರ ಎಣ್ಣಿ ಒಂದರದೇ ಕೆಲಸಲ್ಲ ಇದು. ಸಂಜಿ ಬಿಸಲು ಬಡದದ. ಒಂದೇ ಜಾಗಾದಾಗ ನಿಂತು ತಳಾ ಸಪಾಟ ಆಗ್ಯಾದ. ವಯಸ್ಸು ಅದ." ಸ್ಟೆಪ್ನಿಯನ್ನು ತಿರುಗಿಸಿ ನಾಲ್ಕು ಅಂಕಿಗಳನ್ನು ಆಕೆಯ ಕಡೆ ಮಾಡಿದರು. "ಇದಕ್ಕೂ ಹತ್ತು ತುಂಬ್ಯಾವ. ಬಿರದಿಲ್ಲಂತ ಎಳೇದಾಗಲ್ಲ. ಒಳಗ ತಂತಿ ಅದ, ಪದರ ಅದ, ಅವು ಮ್ಯಾಲ ಕಾಣಲ್ಲ. ಇದನ್ನೂ ನಾ ದೂರದ ರಸ್ತಾಕ್ಕ ಬಿಡಲ್ಲ."

"ನಾಣ್ಯಾ ಹಾಕಿ ನೋಡಿದ್ನಲ್ಲ ಕಾಕಾ, ಗೆರಿ ಇನ್ನೂ ಆಳ ಅವ," ಎಂದ ಮಲ್ಲಿನಾಥ.

"ನೀ ನೋಡಿದ್ದು ಬರೋಬ್ಬರಿ ಅದ ಮಗಾ. ಗೆರಿ ಎಷ್ಟು ಓಡ್ಯಾದ ಅಂಬೂದು ಹೇಳ್ತದ. ಎಷ್ಟು ದಿನ ಬದುಕ್ಯಾದ ಅಂಬೂದು ಹೇಳಲ್ಲ. ಸಮೃದ್ಧಿ ಅಂದ್ರ ಸಿಮೆಂಟಿನ ರಸ್ತಾ. ಗಾಡಿ ಒಂದೇ ಸವನೆ ಜೋರ ಓಡ್ತದ, ಟಾಯರಿಗಿ ಕಾವು ಏರ್ತದ. ಹಳೀ ರಬ್ಬರ ಕಾವು ತಡಿಯಲ್ಲ. ಒಡ್ಯಾಗ ಹೇಳಿ ಒಡಿಯಲ್ಲ."

ಗುಣವತಿ ಕಾರಿನ ಬಾಗಿಲಿಗೆ ಕೈ ಆನಿಸಿ ನಿಂತಳು. ಹತ್ತು ವರ್ಷ ಬಾಯಲ್ಲಿ ಇಟ್ಟುಕೊಂಡಿದ್ದ ಮಾತು ಈಗ ಹೊರಗೆ ಬಂತು.

"ಮಾದೇವಪ್ಪಣ್ಣಾ, ಅವ್ರು ವೇರೂಳಕ್ಕಂತೇ ಹಾಕಿಸ್ಯಾರ ಇವು. ಒಂದೇ ಸಲ. ಹೋಗಿ ಮುಟ್ಟಿದ್ರ ಸಾಕು. ಮೆಲ್ಲಗ ಹೋಗ್ತೀವಿ. ತಿರುಗಿ ಬರೂದೂ ಬ್ಯಾಡ. ಹೂಂ ಅಂದುಬಿಡ್ರಿ."

ಮಹಾದೇವಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಅವರಿಗೆ ಹೂಂ ಅನ್ನಬೇಕೆಂದಿತ್ತು. ಅದು ಆಕೆಗೂ ಕಂಡಿತು.

"ಅಕ್ಕೋರೆ, ಗಾಡಿದಾಗ ನೀವೊಬ್ರೇ ಇದ್ರ ನಾ ಏನರ ಅಂತಿದ್ನೋ ಏನೋ. ಮಲ್ಲಿನಾಥ ಹೊಡೀತಾನ. ಹಿಂದ ನಿಮ್ಮ ಸೊಸಿ, ಮಮ್ಮಗಳು ಕೂಡ್ತಾರ. ವಿಶ್ವನಾಥಪ್ಪನೋರು ಇದ್ರ ಇವತ್ತ ಏನಂತಿದ್ರು, ನೀವೇ ಹೇಳ್ರಿ."

ಗುಣವತಿ ಬಾಗಿಲಿಗೆ ಆನಿಸಿದ್ದ ಕೈ ತೆಗೆದಳು. ನಾಲ್ಕು ಹೊಸ ಬೂಟು ಬೇಕು ಅನ್ನುತ್ತಿದ್ದರು, ಆಕೆ ಬಯ್ದರೂ ಕೇಳುತ್ತಿರಲಿಲ್ಲ. ಅದು ಆಕೆಗೆ ಗೊತ್ತಿತ್ತು.

ಆಮೇಲೆ ಮಹಾದೇವಪ್ಪ ಮೊಣಕಾಲ ಮೇಲೆ ಕೈ ಊರಿ ಎದ್ದರು.

"ವೇರೂಳ ತನಕಾ ಬರಲ್ಲ. ಆದ್ರ ನನ್ನ ಅಂಗಡಿ ತನಕಾ ಬರ್ತಾವ. ಟಾಕಳಿ ರಸ್ತಾದಿಂದ, ನಡದಂಗ ಹೋಗಾಣ. ನಾ ಹೊಡೀತೀನಿ. ಮುಂದ ಕೂಡ್ರಿ ನೀವು. ಮಲ್ಲಿನಾಥ ಸ್ಕೂಟರ ಮ್ಯಾಲ ಬರಲಿ."

ಗುಣವತಿ ಒಳಗೆ ಹೋಗಿ ಸೀರೆ ಬದಲಿಸಿಕೊಂಡು ಬಂದಳು. ವೇರೂಳಕ್ಕೆಂದು ಎತ್ತಿಟ್ಟಿದ್ದ ಹಸಿರು ಇಳಕಲ್ಲು. ಮಹಾದೇವಪ್ಪ ನೋಡಿದರು, ಮುಂದಿನ ಬಾಗಿಲು ತೆರೆದರು.

ಕಾರು ಗೇಟು ದಾಟಿತು. ಸೈಕಲ್ಲಿನವರು ಹಿಂದೆ ಹಾಕಿ ಮುಂದೆ ಹೋಗುತ್ತಿದ್ದರು. ಯಾರೋ ಹಾರ್ನ್ ಒತ್ತಿ ಮರಾಠಿಯಲ್ಲಿ, "ಕಾಯ್ ಆಜೋಬಾ, ವರಾತ್ ಆಹೇ ಕಾ?" ಎಂದು, ಮದುವೆಯ ಮೆರವಣಿಗೆಯೇ ಇದು ಎಂದು ಕೇಳಿ ನಕ್ಕು ಹೋದ. ಮಹಾದೇವಪ್ಪ ರಸ್ತೆಯ ಮೇಲಿನ ಕಣ್ಣು ತೆಗೆಯಲಿಲ್ಲ. ನಿಂತು ನಿಂತು ಸಪಾಟಾದ ಗಾಲಿ ಪ್ರತಿ ಸುತ್ತಿಗೂ ದಬ್ ಎಂದು ಸದ್ದು ಮಾಡುತ್ತಿತ್ತು. ಗುಣವತಿ ಗಾಜು ಇಳಿಸಿದಳು. ದಬ್, ದಬ್. ಸಪ್ಪಳಾನೇ ಇಲ್ಲ ಎಂದು ಅಂದು ನಲಿದವರು ಈ ರಸ್ತೆಯಲ್ಲೇ ಆಕೆಯ ಪಕ್ಕದಲ್ಲಿ ಕೂತಿದ್ದರು. ಹೊಸ ಗಾಲಿಗಳು ಆ ದಿನ ಮೊದಲು ಮುಟ್ಟಿದ ನೆಲ ಇದೇ, ಇವತ್ತು ಕಡೆಗೆ ಮುಟ್ಟುವುದೂ ಇದೇ. ಆಕೆ ಸೀಟಿನ ಅಂಚನ್ನು ಹಿಡಿದು ಕಣ್ಣು ಮುಚ್ಚಿದಳು. ದಾರಿಯನ್ನೆಲ್ಲ ವೇರೂಳದ ದಾರಿ ಅಂದುಕೊಂಡಳು. ಅಂಗಡಿ ಬೇಗ ಬಂದುಬಿಟ್ಟಿತು.

ರತ್ನಾಕರ ಜಾಕು ಏರಿಸಿ ಒಂದೊಂದಾಗಿ ಐದೂ ಟೈರು ಬಿಡಿಸಿದ. ಆ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು: ರಸ್ತೆಗೆ ಬೇಡವಾದ ಟೈರನ್ನು ಹಾಗೆಯೇ ಎಸೆಯುವಂತಿಲ್ಲ, ಬದಿಯನ್ನು ಚಾಕುವಿನಿಂದ ಸೀಳಬೇಕು. ಸೀಳದಿದ್ದರೆ ಯಾರಾದರೂ ಒಯ್ದು, ಪಾಲಿಶು ಹಚ್ಚಿ, ಇನ್ನೊಬ್ಬರ ಗಾಡಿಗೆ ಏರಿಸುತ್ತಾರೆ. ಹಾಗೆಂದು ಗಾಡಿಯ ಒಡೆಯನ ಬಾಯಿಂದ ಮಾತು ಬಾರದೆ ಮಹಾದೇವಪ್ಪ ಎಂದೂ ಚಾಕು ಇಟ್ಟವರಲ್ಲ. ಬಾಗಿದ ಚಾಕು ಹಿಡಿದು ಕಾದು ನಿಂತರು.

"ಕೊಯ್ಯಲೇನ್ರಿ?"

ಗುಣವತಿ ಮೊದಲ ಟೈರಿನ ಮೇಲೆ ಬಾಗಿ ಬೆರಳಿಟ್ಟಳು. ಮೂರು, ಒಂದು, ಒಂದು, ನಾಲ್ಕು. ಹತ್ತು ವರ್ಷ ತಾನು ಸವರಿದ್ದಕ್ಕೋ ಏನೋ, ಅಂಕಿಗಳ ಅಂಚು ಮೆತ್ತಗಾಗಿತ್ತು.

"ಕೊಯ್ರಿ," ಎಂದಳು.

ಒಣ ರೊಟ್ಟಿ ಮುರಿದ ಹಾಗೆ ಸಪ್ಪಳವಾಯಿತು. ಆಕೆ ಐದೂ ಮುಗಿಯುವ ತನಕ ಅಲ್ಲೇ ನಿಂತಿದ್ದಳು, ಹಿಂದೊಮ್ಮೆ ಬಾಗಿಲಲ್ಲಿ ಗಂಡ ನಿಂತು ನೋಡಿದ ಹಾಗೆ.

ಹೊಸ ಟೈರು ಬಂದಾಗ ಮಹಾದೇವಪ್ಪ ಹೇಳುವ ಮೊದಲೇ ಬಾಗಿ ಓದಿದಳು: "ಎರಡು, ಎಂಟು. ಎರಡು, ನಾಲ್ಕು."

"ಆಷಾಢದ ಕೂಸು. ಶ್ರಾವಣದ್ದು ಸಿಗಲಿಲ್ರಿ," ಎಂದರು ಮಹಾದೇವಪ್ಪ, ಮುಖ ಸಣ್ಣದು ಮಾಡಿ.

"ಆಷಾಢದಾಗ ಹೆಣ್ಮಕ್ಕಳು ತವರಿಗಿ ಹೋಗ್ತಾರ. ದಾರಿ ಅದಕ್ಕ ಗೊತ್ತಿರ್ತದ ಬಿಡ್ರಿ," ಎಂದಳು ಗುಣವತಿ. ಆ ದಿನ ಆಕೆ ನಕ್ಕದ್ದು ಅದೊಂದೇ ಸಲ.

*

ಕಾರ್ತಿಕದ ಕೊನೆಯ ಸೋಮವಾರ ಗಾಡಿ ಸಪ್ಪಳವಿಲ್ಲದೆ ಓಡಿ ವೇರೂಳ ಮುಟ್ಟಿತು. ಗುಣವತಿ ಮುಂದಿನ ಸೀಟಿನಲ್ಲೇ ಕೂತಿದ್ದಳು. ಗರ್ಭಗುಡಿಯಲ್ಲಿ ಕೂತು ಲಿಂಗವನ್ನು ಕೈಯಾರೆ ಮುಟ್ಟಿದಳು. ಕಲ್ಲು ತಣ್ಣಗಿತ್ತು, ನುಣ್ಣಗಿತ್ತು. ಬೇಡಿಕೊಳ್ಳಬೇಕೆಂದು ಕೂಡಿಟ್ಟಿದ್ದ ಮಾತು ಯಾವುದೂ ಆ ಹೊತ್ತಿಗೆ ನೆನಪಾಗಲಿಲ್ಲ. ರುಚಿತಾ, "ಆಜಿ, ಏನ್ ಬೇಡ್ಕೊಂಡಿ?" ಎಂದು ಮುರುಕು ಕನ್ನಡದಲ್ಲಿ ಕೇಳಿದಾಗ, "ಬಂದೀನಿ ಅಂತ ಹೇಳಿದೆ," ಎಂದಳು.

ಈಗ ಆಕೆ ಸಂಭಾಜಿನಗರದಲ್ಲೇ ಇದ್ದಾಳೆ. ಕಾರು ಮಾರಿ ಆಗಿದೆ. ಮಾಘಮಾಸದಲ್ಲಿ ರತ್ನಾಕರನ ಫೋನು ಬಂತು, ಮಹಾದೇವಪ್ಪನವರು ಲಿಂಗೈಕ್ಯರಾದರೆಂದು. ಆಕೆ ಫೋನು ಮಗನ ಕೈಗೆ ಕೊಟ್ಟು, ಬಾಲ್ಕನಿಗೆ ಹೋಗಿ ಕೆಳಗೆ ನಿಂತ ಗಾಡಿಗಳನ್ನು ನೋಡುತ್ತ ನಿಂತಳು. ನೆನಪಾದದ್ದು ನಾಸಿಕ ಬಿಟ್ಟು ಹೊರಟ ಸೋಮವಾರದ ಬೆಳಗು.

ಆ ಬೆಳಿಗ್ಗೆ ಮಹಾದೇವಪ್ಪ ಕರೆಯದೆಯೇ ಬಂದಿದ್ದರು. ಗಾಳಿ ತಣ್ಣಗಿರುವಾಗಲೇ ಅಳೆಯಬೇಕೆಂದು ಗೇಜು ಹಿಡಿದು ನಾಲ್ಕೂ ಗಾಲಿಗೆ ಸುತ್ತು ಬಂದರು, ಸ್ಟೆಪ್ನಿಯನ್ನೂ ಬಿಡಲಿಲ್ಲ. "ಆತ್ರಿ. ಇನ್ನ ನನ್ನ ಕೆಲಸ ಮುಗೀತು. ನಾಳಿಂದ ಅಂಗಡಿಗೂ ಹೋಗಲ್ಲ. ರತ್ನಾಕರಗ ಹೇಳೀನಿ," ಎಂದರು. ಮನೆ ಬರಿದಾಗಿತ್ತು. ಗುಣವತಿಯ ಕೈಚೀಲದಲ್ಲಿ ಉಳಿದದ್ದು ನೀರಿನ ಬಾಟಲಿ, ವಿಭೂತಿ, ಕುಸುಬೆ ಎಣ್ಣೆಯ ಸೀಸೆ. ಮಲ್ಲಿನಾಥ ಬೀಗ ಹಾಕಲು ಒಳಗೆ ಹೋಗಿದ್ದ. ಗಾಡಿ ಹೊರಡುತ್ತಿದೆ ಎಂಬುದೊಂದೇ ಮನಸ್ಸಿನಲ್ಲಿದ್ದು, ಆಕೆಯ ಕೈ ತಾನಾಗಿಯೇ ಸೀಸೆಯ ಮುಚ್ಚಳ ತೆಗೆದು ಅಂಗೈಯಲ್ಲಿ ಎಣ್ಣೆ ಸುರಿದುಕೊಂಡಿತು. ಮುಂದಿನ ಗಾಲಿಗೆ ಬಾಗಿದಳು.

"ಅಕ್ಕೋರೆ," ಎಂದರು ಮಹಾದೇವಪ್ಪ, ಮೆಲ್ಲಗೆ.

ಆಕೆ ಅಲ್ಲೇ ನಿಂತಳು. ಎಣ್ಣೆ ಬೆರಳ ಸಂದಿಯಿಂದ ಮಣಿಕಟ್ಟಿಗೆ, ಬಳೆಯ ಕೆಳಗೆ ಇಳಿಯುತ್ತಿತ್ತು. ಗಾಲಿಗೆ ಹಚ್ಚುವಂತಿಲ್ಲ. ಸೀಸೆಗೆ ತಿರುಗಿ ಹಾಕಲು ಬರುವುದಿಲ್ಲ. ನೆಲಕ್ಕೆ ಚೆಲ್ಲಲು ಮನಸ್ಸಿಲ್ಲ. ಸವರಲು ಯಾರ ತಲೆಯೂ ಇಲ್ಲದ, ಯಾವ ಗಾಲಿಯೂ ಇಲ್ಲದ ಕೈ ಅದು. ಬೆಳಗಿನ ತಂಪಿನಲ್ಲಿ ವಾಸನೆ ಅಂಗಳದ ತುಂಬ ಹರಡಿತು.

ಮಹಾದೇವಪ್ಪ ಗೇಜನ್ನು ಜೇಬಿಗೆ ಇಳಿಸಿದರು. ತಲೆಯ ಮೇಲಿನ ಬಿಳಿ ಟೋಪಿ ತೆಗೆದು ಕಂಕುಳಲ್ಲಿ ಸಿಕ್ಕಿಸಿಕೊಂಡರು. ಒಣ ಕೂದಲು ಎದ್ದು ನಿಂತಿತು. ಐವತ್ತು ವರ್ಷ ರಬ್ಬರು ತಿಕ್ಕಿ ಕಪ್ಪಾದ ಬೊಗಸೆಯನ್ನು ಹುಡುಗನಂತೆ ಮುಂದೆ ಚಾಚಿದರು.

"ಇನ್ನ ನಾ ಟಾಯರ ಮುಟ್ಟಾಂವಲ್ರಿ ಅಕ್ಕೋರೆ. ಆ ಎಣ್ಣಿ ನನ್ನ ಕೈಯಾಗ ಹಾಕ್ತೀರೇನ್ರಿ?"